ಕೊಡಗಿನ ಪುಟ್ಟ ಮಕ್ಕಳಿಗೆ ಚಳಿಗಾಲದ ಕ್ರಾಫ್ಟ್: ಸ್ನೋಮ್ಯಾನ್ ಬೇಕಾ, ಬೆಳಗಿನ ಮಂಜು ಸಾಕಾ?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಚಿಕ್ಕ ನರ್ಸರಿಯಲ್ಲಿ ಟೀಚರ್. ಮೂರರಿಂದ ಐದು ವರ್ಷದ 22 ಮಕ್ಕಳಿದ್ದಾರೆ, ಜೊತೆಗೆ ಒಬ್ಬರು ಆಯಾ. ಜನವರಿಯಲ್ಲಿ 'ವಿಂಟರ್ ವೀಕ್' ಮಾಡಿ, ಮಕ್ಕಳ ಕ್ರಾಫ್ಟನ್ನು ಪೋಷಕರ ಸಭೆಯ ದಿನ ಗೋಡೆಗೆ ಹಾಕಬೇಕು ಅಂತ ನಮ್ಮ ಹೆಡ್ ಮೇಡಂ ಹೇಳಿದ್ದಾರೆ. ಎಲ್ಲಿ ಹುಡುಕಿದರೂ ಹತ್ತಿಯ ಸ್ನೋಮ್ಯಾನ್, ಪೆಂಗ್ವಿನ್ ಇಷ್ಟೇ ಸಿಗುತ್ತಿದೆ. ಆರು ಕಟ್ಟು ಹತ್ತಿಯನ್ನೂ ತಂದಿಟ್ಟಿದ್ದೇನೆ. ಆದರೆ ಹಿಮವನ್ನೇ ನೋಡದ ಮಕ್ಕಳಿಗೆ ಇದನ್ನು ಮಾಡಿಸುವುದು ಸರಿಯಾ? ಒಂದು ಗಂಟೆಯಲ್ಲಿ ಏನು ಮಾಡಿಸಬಹುದು? ತಯಾರಿ ಹೇಗೆ? ಖರ್ಚು 300 ರೂಪಾಯಿ ದಾಟಬಾರದು.

ಉತ್ತರ: ಸ್ನೋಮ್ಯಾನ್‌ನಿಂದ ಶುರು ಮಾಡಬೇಡಿ ಟೀಚರ್. ಅದು ತಪ್ಪು ಅಂತಲ್ಲ. ಅದಕ್ಕೂ ಒಂದು ಜಾಗ ಇದೆ, ಮುಂದೆ ಹೇಳುತ್ತೇನೆ. ಆದರೆ ಈ ವಯಸ್ಸಿನ ಮಗು ತನ್ನ ಕಣ್ಣು, ಮೂಗು, ಬೆರಳಿಗೆ ಗೊತ್ತಿರುವುದನ್ನು ಮಾಡುವಾಗ ಮಾತಾಡುತ್ತದೆ, ಕೇಳುತ್ತದೆ, ಕೆಲಸದಲ್ಲಿ ಮುಳುಗುತ್ತದೆ. ಗೊತ್ತಿಲ್ಲದ್ದನ್ನು ಕೊಟ್ಟರೆ ಟೀಚರ್ ಹೇಳಿದ ಕಡೆ ಹತ್ತಿ ಅಂಟಿಸಿ ಎದ್ದು ಹೋಗುತ್ತದೆ. ಮೂರು ಸುತ್ತು ಬಿಳಿ, ಒಂದು ಕಿತ್ತಳೆ ಮೂಗು. ಅದರಲ್ಲಿ ಚಳಿ ಎಲ್ಲಿದೆ ಹೇಳಿ?

ನಿಮ್ಮೂರಿನ ಜನವರಿ ಬೆಳಿಗ್ಗೆಯನ್ನೇ ನೋಡಿ. ಏಳು ಗಂಟೆಗೆ ಎದುರಿನ ಮನೆ ಕಾಣುವುದಿಲ್ಲ. ಸಿಲ್ವರ್ ಓಕ್ ಮರಗಳ ಬುಡ ಇದೆ, ತಲೆ ಇಲ್ಲ. ಬೇಲಿಯ ಮೇಲಿನ ಜೇಡರ ಬಲೆ ಒಂದೊಂದೂ ಬೆಳ್ಳಗೆ ಎದ್ದು ಕಾಣುತ್ತದೆ. ಹುಲ್ಲಿಗೆ ಕಾಲಿಟ್ಟರೆ ಚಪ್ಪಲಿ ನೆನೆಯುತ್ತದೆ. ಅಂಗಳದಲ್ಲಿ ಕಿತ್ತಳೆ ಸಿಪ್ಪೆಯ ವಾಸನೆ, ಕಣದಲ್ಲಿ ಒಣಗುವ ಕಾಫಿಯ ಘಾಟು. ಹುತ್ತರಿ ಮುಗಿದು ಗದ್ದೆಯಲ್ಲಿ ಬರೀ ಕೂಳೆ ಉಳಿದಿರುತ್ತದೆ, ಹುಲ್ಲಿನ ಮೆದೆ ಎದ್ದಿರುತ್ತದೆ. ನಿಮ್ಮ 22 ಮಕ್ಕಳೂ ಇದರ ನಡುವಿನಿಂದಲೇ ಸ್ವೆಟರ್ ಹಾಕಿಕೊಂಡು ಶಾಲೆಗೆ ಬರುತ್ತಾರೆ. ಇಷ್ಟೆಲ್ಲ ಇರುವಾಗ ಧ್ರುವಪ್ರದೇಶದ ಪೆಂಗ್ವಿನ್ ಯಾಕೆ ಬೇಕು?

ನನ್ನ ಸಲಹೆ ಇಷ್ಟೇ. ಆ ವಾರಕ್ಕೆ ಒಂದೇ ವಿಷಯ ಹಿಡಿಯಿರಿ: ಮಂಜು. ಅದನ್ನು ಮೊದಲು ನೋಡಿಸಿ, ಆಮೇಲೆ ಮುಟ್ಟಿಸಿ, ಕೊನೆಗೆ ಮಾಡಿಸಿ. ಒಂದೇ ದಿನ ಇದೆಲ್ಲ ಆಗಬೇಕಿಲ್ಲ, ವಾರಪೂರ್ತಿ ಇದೆಯಲ್ಲ.

ಮಕ್ಕಳು "ಮಂಜು ಎಲ್ಲಿಂದ ಬರುತ್ತೆ?" ಅಂತ ಕೇಳಿಯೇ ಕೇಳುತ್ತಾರೆ. ನಿಮಗೆ ಉತ್ತರ ಗೊತ್ತಿರಲಿ. ಮೋಡವಿಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆ ಗಾಳಿ ತನ್ನಲ್ಲಿರುವ ನೀರಾವಿಯನ್ನೆಲ್ಲ ಹಿಡಿದುಕೊಳ್ಳಲಾರದು. ಹೆಚ್ಚಾದದ್ದು ಕಣ್ಣಿಗೆ ಒಂದೊಂದಾಗಿ ಕಾಣದಷ್ಟು ಸಣ್ಣ ಹನಿಗಳಾಗಿ ತೇಲುತ್ತದೆ. ಅದೇ ಮಂಜು. ಹುಲ್ಲಿನ ಮೇಲೆ, ಬಲೆಯ ಮೇಲೆ ಕೂತ ಹನಿ ಇಬ್ಬನಿ. ತಣ್ಣನೆ ಗಾಳಿ ತಗ್ಗಿಗೆ ಇಳಿಯುವುದರಿಂದ ಗದ್ದೆ ಬಯಲಿನಲ್ಲಿ ಮಂಜು ಜಾಸ್ತಿ ನಿಲ್ಲುತ್ತದೆ. ಬಿಸಿಲು ಬಂದರೆ ಹನಿ ಮತ್ತೆ ಆವಿ. ಇದನ್ನೆಲ್ಲ ಮಕ್ಕಳಿಗೆ ಪಾಠ ಮಾಡಬೇಡಿ. ಬದಲಿಗೆ ತಟ್ಟೆಯಾಟ ಆಡಿಸಿ.

ತಟ್ಟೆಯಾಟ ಅಂದರೆ ಹೀಗೆ. ಮಕ್ಕಳು ಊಟಕ್ಕೆ ತರುವ ಸ್ಟೀಲ್ ತಟ್ಟೆಗಳನ್ನು ಬೆಳಿಗ್ಗೆ ಬಂದ ಕೂಡಲೇ ವರಾಂಡದಲ್ಲಿ ನೆರಳಿಗೆ ಇಡಿ. ಹತ್ತು-ಹದಿನೈದು ನಿಮಿಷದಲ್ಲಿ ಚೆನ್ನಾಗಿ ತಣ್ಣಗಾಗುತ್ತವೆ. ಮಕ್ಕಳನ್ನು ಸುತ್ತ ಕೂರಿಸಿ ಒಬ್ಬೊಬ್ಬರಿಗೆ ಒಂದು ತಟ್ಟೆ ಕೊಡಿ. ಕೆನ್ನೆಗೆ ತಾಗಿಸಿ ನೋಡಲಿ. ಬಾಯಿ ಅಗಲಿಸಿ "ಹಾಆ" ಅಂತ ಉಸಿರು ಬಿಡಲಿ. ಹೊಳೆಯುತ್ತಿದ್ದ ತಟ್ಟೆ ಮಬ್ಬಾಗುತ್ತದೆ. ಮಬ್ಬಿನ ಮೇಲೆ ಬೆರಳಿನಲ್ಲಿ ಗೆರೆ ಎಳೆಯಬಹುದು. ಅಷ್ಟರಲ್ಲಿ ಅಂಚಿನಿಂದ ಮಬ್ಬು ಕರಗುತ್ತಾ ಬಂದು ಗೆರೆಯೇ ಮಾಯ. ಮತ್ತೆ "ಹಾಆ". ಈ ಆಟಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಮಕ್ಕಳನ್ನು ಎಬ್ಬಿಸುವುದೇ ಕಷ್ಟವಾಗುತ್ತದೆ. ಒಬ್ಬರ ತಟ್ಟೆ ಇನ್ನೊಬ್ಬರಿಗೆ ಹೋಗದಂತೆ ಆಯಾ ನೋಡಿಕೊಳ್ಳಲಿ. ಚಳಿಯಲ್ಲಿ ಮೂಗು ಸೋರದ ಮಗು ಇರುವುದೇ ಕಮ್ಮಿ ಅಲ್ವಾ. ಮುಗಿದ ಮೇಲೆ ತಟ್ಟೆಗಳನ್ನು ತೊಳೆಯಿರಿ.

ಇದಾದ ಮೇಲೆ ಹೊರಗೆ ಒಂದು ಸುತ್ತು. ಶಾಲೆಯ ಕಾಂಪೌಂಡಿನೊಳಗೇ ಸಾಕು. ತೋಟದೊಳಗೆ ಕರೆದುಕೊಂಡು ಹೋಗಬೇಡಿ. ನಮ್ಮ ಕಡೆ ತೋಟಗಳಿಗೆ ಆನೆ ಬರುವುದು ನಿಮಗೆ ಗೊತ್ತೇ ಇದೆ. ಮಂಜು ಕವಿದಾಗ ಎದುರಿಗೆ ಏನಿದೆ ಅನ್ನುವುದು ದೊಡ್ಡವರಿಗೂ ಕಾಣುವುದಿಲ್ಲ. 22 ಮಕ್ಕಳ ಜೊತೆ ಆ ಅಪಾಯ ಬೇಡವೇ ಬೇಡ. ಬೇಲಿ ಸಾಲು, ಒಂದು ತುಂಡು ಹುಲ್ಲು, ಒಂದು ಜೇಡರ ಬಲೆ, ದೂರದಲ್ಲಿ ಎರಡು ಮರ ಇಷ್ಟಿದ್ದರೆ ಆಯಿತು. ಬಲೆಯನ್ನು ಮುಟ್ಟದೆ ಹತ್ತಿರದಿಂದ ನೋಡಲು ಹೇಳಿ. ಒಂದು ಮರದ ಮುಂದೆ ನಿಲ್ಲಿಸಿ "ಏನು ಕಾಣುತ್ತಿದೆ? ಏನು ಕಾಣುತ್ತಿಲ್ಲ?" ಅಂತ ಕೇಳಿ. ಹತ್ತೂವರೆಗೆ ಬಿಸಿಲು ಬಂದ ಮೇಲೆ ಅದೇ ಮರದ ಮುಂದೆ ಮತ್ತೊಮ್ಮೆ ನಿಲ್ಲಿಸಿ. ಈ ಎರಡು ನೋಟಗಳ ವ್ಯತ್ಯಾಸವೇ ನಿಮ್ಮ ಕ್ರಾಫ್ಟ್.

ಈಗ ಮುಖ್ಯ ಕೆಲಸಕ್ಕೆ ಬರೋಣ. ನಾನು ಇದನ್ನು 'ಮಂಜು ಎತ್ತುವ ಚಿತ್ರ' ಅನ್ನುತ್ತೇನೆ. ಒಂದು ಡ್ರಾಯಿಂಗ್ ಶೀಟಿನ ಮೇಲೆ ಮಗು ಮರ, ಮನೆ, ಬೇಲಿ, ನಾಯಿ, ಏನು ಬೇಕೋ ಅದನ್ನು ಗಾಢ ಬಣ್ಣದಲ್ಲಿ ಮಾಡುತ್ತದೆ. ಅದರ ಮೇಲೆ ಅಷ್ಟೇ ಅಳತೆಯ ಬಟರ್ ಪೇಪರ್ ಇಟ್ಟು, ಮೇಲಿನ ಅಂಚನ್ನು ಮಾತ್ರ ಅಂಟಿಸುವುದು. ಕೆಳಗಿನ ಚಿತ್ರ ಮಬ್ಬಾಗುತ್ತದೆ. ಹಾಳೆ ಎತ್ತಿದರೆ ಬಿಸಿಲು ಬಂತು, ಬಿಟ್ಟರೆ ಮಂಜು ಕವಿಯಿತು. ಬೇಕೆಂದವರಿಗೆ ಎರಡನೇ ಹಾಳೆ ಕೊಡಿ. ಎರಡು ಪದರ ಬಂದಾಗ ಮಂಜು ದಟ್ಟವಾಗುತ್ತದೆ ಅನ್ನುವುದನ್ನು ಅವರೇ ಕಂಡುಹಿಡಿಯಲಿ. ನೀವು ಮೊದಲೇ ಹೇಳಿಬಿಡಬೇಡಿ.

ಬಟರ್ ಪೇಪರ್ ಕೊಳ್ಳುವಾಗ ಒಂದು ಎಚ್ಚರ. ಬೇಕರಿಗೆ, ಅಡುಗೆಗೆ ಬಳಸುವ ಜಿಡ್ಡಿನ ಹಾಳೆ ತರಬೇಡಿ. ಅದಕ್ಕೆ ಅಂಟು ಹಿಡಿಯುವುದಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ನಕ್ಷೆ ತೆಗೆಯಲು ಬಳಸುವ ಹಾಳೆ ಕೇಳಿ. ಹಿಂದಿನ ದಿನವೇ ನೀವು ಅಳತೆಗೆ ಕತ್ತರಿಸಿಡಿ. ಅಂಟು ಎಲ್ಲಿ ಹಚ್ಚಬೇಕು ಅಂತ ಶೀಟಿನ ಮೇಲಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದಿಡಿ. ನಿಮ್ಮ ಕೈ ಕೆಲಸ ಅಲ್ಲಿಗೆ ಮುಗಿಯಬೇಕು. ರಾತ್ರಿ ಕೂತು 22 ಮರ ಕತ್ತರಿಸಿಡುವುದು, ಮಕ್ಕಳು ಹೋದ ಮೇಲೆ ಸೊಟ್ಟಗಿದ್ದದ್ದನ್ನು ನೇರ ಮಾಡುವುದು, ಇದೆಲ್ಲ ಬೇಡ. ಟೀಚರುಗಳು ಇದರಲ್ಲೇ ಎಷ್ಟು ದಣಿಯುತ್ತಾರೆ ಅಂತ ನನಗೆ ಗೊತ್ತು. ಕೊನೆಗೆ ಗೋಡೆ ಮೇಲೆ ಬರುವುದು ಟೀಚರ್ ಮಾಡಿದ 22 ಒಂದೇ ಥರದ ಚಿತ್ರ.

ವಯಸ್ಸಿನ ವ್ಯತ್ಯಾಸ ನಿಮಗೆ ದೊಡ್ಡ ಸಮಸ್ಯೆ ಅನಿಸಬಹುದು. ಮೂರು ವರ್ಷದ ಮಗುವಿಗೆ ಮರ ಬಿಡಿಸಲು ಬರುವುದಿಲ್ಲ. ಅದು ಸುಮ್ನೆ ಗೀಚುತ್ತದೆ, ಆಮೇಲೆ ಬೇಕಾದರೆ "ಇದು ನಮ್ಮಜ್ಜಿ ಮನೆ" ಅನ್ನುತ್ತದೆ. ಅದು ಸರಿಯೇ. ಅವರಿಗೆ ಬಿಡಿಸುವುದರ ಬದಲು ಹರಿಯಲು ಕೊಡಿ. ಹಳೆಯ ದಿನಪತ್ರಿಕೆಯನ್ನು ಉದ್ದುದ್ದ ಪಟ್ಟಿಯಾಗಿ ಹರಿದು ಅಂಟಿಸಿದರೆ ಸಿಲ್ವರ್ ಓಕ್ ಮರದ ಕಾಂಡ ಸಿದ್ಧ. ಇಲ್ಲಿ ಒಂದು ಸಣ್ಣ ಗುಟ್ಟಿದೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ನೇರವಾಗಿ ಹರಿಯುತ್ತದೆ. ಅಡ್ಡಕ್ಕೆ ಹರಿದರೆ ಅಂಕುಡೊಂಕಾಗಿ ಎಲ್ಲೋ ಹೋಗುತ್ತದೆ. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುವುದೇ ಇದಕ್ಕೆ ಕಾರಣ. ಹಾಗಾಗಿ ತುಂಡುಗಳನ್ನು ಕೊಡುವಾಗ ನಾರಿನ ದಿಕ್ಕು ಉದ್ದಕ್ಕೆ ಬರುವಂತೆ ಕತ್ತರಿಸಿ, ಮೇಲಂಚಿಗೆ ಕತ್ತರಿಯಿಂದ ಒಂದು ಸಣ್ಣ ಕಚ್ಚು ಹಾಕಿಡಿ. ಮಗು ಕಚ್ಚಿನ ಎರಡೂ ಕಡೆ ಹೆಬ್ಬೆರಳು-ತೋರುಬೆರಳಿನಲ್ಲಿ ಹಿಡಿದು, ಒಂದು ಕೈ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. 'ಸರ್ರ್' ಅಂತ ಹರಿದಾಗ ಅದರ ಮುಖ ನೋಡಬೇಕು ನೀವು. ಮುಂದೆ ಪೆನ್ಸಿಲ್ ಹಿಡಿಯಲು ಬೇಕಾಗುವ ಬೆರಳಿನ ಶಕ್ತಿ ಬರುವುದು ಇಂಥ ಕೆಲಸದಿಂದಲೇ. ಅಕ್ಷರ ತಿದ್ದಿಸುವುದಕ್ಕಿಂತ ಮೊದಲು ಹರಿಯುವುದು, ಹಿಸುಕುವುದು, ಚಿವುಟುವುದು ಆಗಲಿ.

ನಾಲ್ಕು ವರ್ಷದವರು ಕತ್ತರಿಯಲ್ಲಿ ನೇರ ಗೆರೆ ಕತ್ತರಿಸಲು ಪ್ರಯತ್ನಿಸಬಹುದು. ಮೊಂಡು ತುದಿಯ ಕತ್ತರಿ, ಒಮ್ಮೆಗೆ ನಾಲ್ಕೇ ಮಕ್ಕಳು, ನೀವು ಪಕ್ಕದಲ್ಲೇ. ದುಂಡಗೆ ಕತ್ತರಿಸುವುದು ಐದರ ಹತ್ತಿರ ಬಂದವರಿಗೂ ಕಷ್ಟವೇ, ಒತ್ತಾಯ ಬೇಡ. ಎಡಗೈ ಮಕ್ಕಳಿದ್ದರೆ ಕೈ ಬದಲಿಸಬೇಡಿ. ಅವರಿಗೂ ಹರಿಯುವ ಕೆಲಸ ಕೊಟ್ಟರೆ ಯಾವ ತೊಂದರೆಯೂ ಇರುವುದಿಲ್ಲ.

ಅಂಟು ಮನೆಯಲ್ಲೇ ಮಾಡಿ. ಅರ್ಧ ಲೋಟ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಒಟ್ಟು ಎರಡು ಲೋಟ ನೀರಾಗುವಂತೆ ನೋಡಿಕೊಂಡು ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಬಿಳುಪು ಹೋಗಿ ಹೊಳಪು ಬಂದಾಗ ಇಳಿಸಿ. 22 ಮಕ್ಕಳಿಗೆ ಧಾರಾಳ ಸಾಕು. ಹುಳ ಬರದಿರಲಿ ಅಂತ ಹಳಬರು ಇದಕ್ಕೆ ಮೈಲುತುತ್ತ ಹಾಕುತ್ತಿದ್ದರು. ನೀವು ಹಾಕಲೇಬಾರದು, ಅದು ವಿಷ. ಈ ಮಕ್ಕಳ ಬೆರಳು ಯಾವಾಗ ಬಾಯಿಗೆ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಹಿಂದಿನ ಸಂಜೆ ಮಾಡಿ, ಮರುದಿನ ಖಾಲಿ ಮಾಡಿ, ಉಳಿದದ್ದು ಚೆಲ್ಲಿ. ಅಂಟು ಮುಟ್ಟಲು ಹೇಸುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ಅದಕ್ಕೆ ಅಂಟು ಹಚ್ಚಲು ಒಂದು ಐಸ್‌ಕ್ರೀಮ್ ಕಡ್ಡಿ ಕೊಡಿ. ಬೈಯುವುದೂ ಬೇಡ, ನಗುವುದೂ ಬೇಡ.

ಇನ್ನೊಂದು ದಿನಕ್ಕೆ ಜೇಡರ ಬಲೆ ಇಟ್ಟುಕೊಳ್ಳಿ. ಇದು ನನಗೆ ತುಂಬಾ ಇಷ್ಟವಾದ ಕೆಲಸ. ಬಿಳಿ ಡ್ರಾಯಿಂಗ್ ಶೀಟಿನ ಮೇಲೆ ಬಿಳಿ ಮೇಣದಬತ್ತಿಯಿಂದ ಗೆರೆ ಎಳೆಯುವುದು. ಎಳೆಯುವಾಗ ಏನೂ ಕಾಣುವುದಿಲ್ಲ. "ಏನೂ ಬರ್ತಿಲ್ಲ ಮಿಸ್" ಅನ್ನುತ್ತಾರೆ. "ಇನ್ನೂ ಎಳಿ, ಒತ್ತಿ ಎಳಿ" ಅನ್ನಿ. ಆಮೇಲೆ ತೆಳು ನೀಲಿ ನೀರು ಸವರಿದರೆ ಮೇಣ ಇದ್ದ ಕಡೆ ಬಣ್ಣ ನಿಲ್ಲದೆ ಬಿಳಿ ಬಲೆ ಎದ್ದು ಬರುತ್ತದೆ. ಬೆಳಿಗ್ಗೆ ಬೇಲಿಯ ಮೇಲೆ ಇಬ್ಬನಿ ಕೂತು ಬಲೆ ಕಂಡಿತಲ್ಲ, ಹಾಗೆಯೇ. ಬಣ್ಣ ತೆಳುವಾಗಿರಬೇಕು. ಅರ್ಧ ಲೋಟ ನೀರಿಗೆ ಒಂದು ಚಮಚ ಪೋಸ್ಟರ್ ಬಣ್ಣ ಹಾಕಿ, ಮೊದಲು ನೀವೇ ಒಂದು ಚೂರಿನ ಮೇಲೆ ಪರೀಕ್ಷಿಸಿ. ದಪ್ಪವಾದರೆ ಮೇಣವನ್ನೂ ಮುಚ್ಚಿಬಿಡುತ್ತದೆ. ಬಲೆಯ ಆಕಾರ ಬಂದಿಲ್ಲ ಅಂತ ಚಿಂತೆ ಬೇಡ. ಅಡ್ಡಾದಿಡ್ಡಿ ಗೆರೆಗಳೂ ಬಲೆಯ ಹಾಗೇ ಕಾಣುತ್ತವೆ. ಮೇಣದಬತ್ತಿ ದಪ್ಪನೆಯದು ತಂದು ಅರ್ಧಕ್ಕೆ ಮುರಿದು ಕೊಡಿ, ಸಣ್ಣ ಚೂರುಗಳು ಬೇಡ.

ತೋಟದ ಲೈನ್ ಮನೆಗಳಿಂದ, ಅಂದರೆ ಕೂಲಿಯವರ ಸಾಲು ಮನೆಗಳಿಂದ, ಬರುವ ಮಕ್ಕಳು ನಿಮ್ಮಲ್ಲೂ ಇರಬಹುದು. ಅಪ್ಪ-ಅಮ್ಮ ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದವರು. ಮಗುವಿಗೆ ಕನ್ನಡ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಕಥೆ, ಹಾಡಿನ ಹೊತ್ತಿನಲ್ಲಿ ಹಿಂದೆ ಕೂರುವ ಈ ಮಕ್ಕಳು ಕೈ ಕೆಲಸದಲ್ಲಿ ಮುಂದೆ ಬರುತ್ತಾರೆ. ಅವರಿಗಾಗಿ ಕಾಫಿ ಗಿಡದ ಕೆಲಸ ಒಂದಿರಲಿ. ಜನವರಿ ಅಂದರೆ ಅರೇಬಿಕಾ ಕೊಯ್ಲು ಮುಗಿಯುತ್ತಾ ರೋಬಸ್ಟಾ ಕೊಯ್ಲು ಶುರುವಾಗುವ ಕಾಲ. ಅಮ್ಮನ ಜೊತೆ ದಿನವೂ ನೋಡುವ ಗಿಡ ಅದು. ನೀವು ಒಂದು ಉದ್ದನೆ ಹಾಳೆಯ ಮೇಲೆ ಕೊಂಬೆಯ ಗೆರೆಗಳನ್ನು ಎಳೆದುಕೊಡಿ. ಮಕ್ಕಳು ಹೆಬ್ಬೆರಳನ್ನು ಕೆಂಪು, ಹಳದಿ, ಹಸಿರು ಬಣ್ಣಕ್ಕೆ ಅದ್ದಿ ಗಂಟುಗಂಟಿಗೆ ಒತ್ತಲಿ. ಕಾಯಿ ಹಸಿರು, ಹಣ್ಣು ಕೆಂಪು ಅಂತ ಅವರೇ ನಿಮಗೆ ಹೇಳಿಕೊಡುತ್ತಾರೆ. ಕೊಂಬೆಗೆ ಕಂದು ಬಣ್ಣ ಬೇಕಾದರೆ ಗಟ್ಟಿ ಡಿಕಾಕ್ಷನ್ನೇ ಬಣ್ಣ. ತಣ್ಣಗಾದ ಡಿಕಾಕ್ಷನ್ನನ್ನು ಬ್ರಷ್‌ನಲ್ಲಿ ಒಂದು ಸಲ ಸವರಿದರೆ ತಿಳಿ ಕಂದು, ಒಣಗಿದ ಮೇಲೆ ಇನ್ನೊಂದು ಸಲ ಸವರಿದರೆ ಗಾಢ. ಇಡೀ ಕೋಣೆ ಘಮ್ಮೆನ್ನುತ್ತದೆ. ಒಂದೇ ಹಾಳೆಯ ಮೇಲೆ ಏಳೆಂಟು ಮಕ್ಕಳು ಸೇರಿ ಮಾಡುವ ಕೆಲಸವಾದ್ದರಿಂದ ಭಾಷೆ ಗೊತ್ತಿಲ್ಲದಿದ್ದರೂ ಜೊತೆ ಸಿಗುತ್ತದೆ.

ಆದರೆ ನಿಜವಾದ ಕಾಫಿ ಬೀಜ, ಕರಿಮೆಣಸು ಅಂಟಿಸುವ ಕೆಲಸ ಈ ವಯಸ್ಸಿಗೆ ಬೇಡ. ಕೈಗೆ ಸುಲಭವಾಗಿ ಸಿಗುತ್ತದೆ ಅಂತ ಎಲ್ಲರೂ ಮೊದಲು ಯೋಚಿಸುವುದು ಅದನ್ನೇ. ಬೀಜ ಮೂಗಿಗೆ, ಕಿವಿಗೆ, ಗಂಟಲಿಗೆ ಹೋಗಲು ಒಂದು ಕ್ಷಣ ಸಾಕು. ಅವರೆ, ಕಡಲೆಯಂಥ ಒಣ ಕಾಳು ಮೂಗಿನ ತೇವಕ್ಕೆ ಊದಿಕೊಂಡು ಇನ್ನೂ ಬಿಗಿಯಾಗುತ್ತದೆ. ಹಾಗೇನಾದರೂ ಆದರೆ ಪಿನ್ನು, ಚಿಮಟ ಹಾಕಿ ಕೆದಕಬೇಡಿ. ಒಳಕ್ಕೆ ಹೋಗುತ್ತದೆ. ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗುಲಗಂಜಿ, ಹರಳು ಬೀಜ ಎಷ್ಟು ಚೆಂದ ಕಂಡರೂ ಶಾಲೆಯೊಳಗೇ ತರಬೇಡಿ, ಎರಡೂ ವಿಷ. ಹಿಮ ಅಂತ ಥರ್ಮಕೋಲ್ ಗುಂಡು ಉದುರಿಸುವುದು, ಮಿಂಚಿನ ಪುಡಿ ಚಿಮುಕಿಸುವುದು ಇವೂ ಬೇಡ. ಉಸಿರಿಗೆ, ಕಣ್ಣಿಗೆ ಹೋಗುತ್ತವೆ.

ಎಲೆ ಬಳಸಬಹುದು. ಸಿಲ್ವರ್ ಓಕ್ ಎಲೆಗೆ ಮೇಲೆ ಹಸಿರು, ಕೆಳಗೆ ಬೆಳ್ಳಿ ಬಣ್ಣ. ಅದನ್ನು ತಿರುಗಿಸಿ ತಿರುಗಿಸಿ ನೋಡುವುದೇ ಮಕ್ಕಳಿಗೆ ಒಂದು ಆಟ. ಬುಡದಲ್ಲಿ ಉದುರಿದ ಎಲೆ ಸಾಕು. ತೀರಾ ಒಣಗಿದ್ದು ಪುಡಿಯಾಗುತ್ತದೆ, ಅರೆ ಒಣಗಿದ್ದು ನೋಡಿ ಆರಿಸಿ. ಕೆಲವರ ಚರ್ಮಕ್ಕೆ ಈ ಮರ ಆಗಿಬರುವುದಿಲ್ಲ, ತುರಿಕೆ ಬರುತ್ತದೆ. ಹಸಿ ಕೊಂಬೆ ಮುರಿದು ಕೊಡಬೇಡಿ, ಮುಟ್ಟಿದ ಮೇಲೆ ಎಲ್ಲರ ಕೈ ತೊಳೆಸಿ. ತೋಟದ ಗಿಡಗಳಿಗೆ ಔಷಧಿ ಹೊಡೆದಿರಬಹುದು, ಆದ್ದರಿಂದ ಯಾವ ಎಲೆಯಾದರೂ ಒಮ್ಮೆ ತೊಳೆದು ಒರೆಸಿ ಕೊಡುವುದು ಒಳ್ಳೆಯದು.

ಕಿತ್ತಳೆಯನ್ನು ಕ್ರಾಫ್ಟಿಗಿಂತ ಹೊಟ್ಟೆಗೆ ಕೊಡಿ. ನಮ್ಮ ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಪುಟ್ಟ ಬೆರಳಿಗೂ ಸುಲಿಯಲು ಬರುತ್ತದೆ. ಬುಡದಲ್ಲಿ ನೀವು ಉಗುರಿನಿಂದ ಒಂದು ತೂತು ಮಾಡಿಕೊಟ್ಟರೆ ಉಳಿದದ್ದನ್ನು ಅವರೇ ಸುಲಿಯುತ್ತಾರೆ. ಅದೇ ಒಂದು ಒಳ್ಳೆಯ ಬೆರಳಿನ ಕೆಲಸ. ತೊಳೆ ಬಿಡಿಸಿ ಬೀಜ ತೆಗೆದು ಕೊಡಿ. ಸಿಪ್ಪೆಯನ್ನು ಇನ್ನೊಬ್ಬರ ಮುಖದ ಹತ್ತಿರ ಹಿಂಡದಂತೆ ನೋಡಿಕೊಳ್ಳಿ, ಅದರ ಎಣ್ಣೆ ಚಿಮ್ಮಿದರೆ ಕಣ್ಣು ಉರಿಯುತ್ತದೆ. ಸಿಪ್ಪೆ ಅಂಟಿಸಿ ಗೋಡೆಗೆ ಹಾಕಿದರೆ ಪೋಷಕರ ಸಭೆಯ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.

ಒಂದು ಗಂಟೆಯನ್ನು ಹೀಗೆ ಹಂಚಿ. ಕ್ರಾಫ್ಟ್ ಹನ್ನೊಂದಕ್ಕೆ ಶುರುವಾಗಲಿ. ಬೆಳಿಗ್ಗೆ ಒಂಬತ್ತೂವರೆಗೆ ಬೆರಳು ಸೆಟೆದುಕೊಂಡಿರುತ್ತದೆ, ಅಂಟೂ ಒಣಗುವುದಿಲ್ಲ. ಹನ್ನೊಂದಕ್ಕೆ ಬಿಸಿಲಿರುತ್ತದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಬೇಡಿ. ಏಳೆಂಟು ಮಕ್ಕಳ ಮೂರು ಗುಂಪು ಮಾಡಿ. ಒಂದು ಗುಂಪು ನಿಮ್ಮ ಹತ್ತಿರ ಚಿತ್ರ ಮಾಡಲಿ, ಒಂದು ಆಯಾ ಹತ್ತಿರ ಹೆಬ್ಬೆರಳು ಒತ್ತಲಿ, ಇನ್ನೊಂದು ಚಾಪೆಯ ಮೇಲೆ ಬ್ಲಾಕ್ಸಿನಲ್ಲಿ ಆಡಿಕೊಂಡಿರಲಿ. ಹದಿನೈದು ನಿಮಿಷಕ್ಕೊಮ್ಮೆ ಬದಲಿಸಿ. ಐದೇ ನಿಮಿಷದಲ್ಲಿ ಮುಗಿಸಿ ಏಳುವ ಮಗುವನ್ನು ಎಳೆದು ಕೂರಿಸಬೇಡಿ, ಇನ್ನೂ ಬೇಕು ಅನ್ನುವ ಮಗುವನ್ನು ಎಬ್ಬಿಸಬೇಡಿ. ಉಳಿದ ಸಮಯ ಕೈ ತೊಳೆಯುವುದಕ್ಕೇ ಹೋಗುತ್ತದೆ. ಬಕೆಟ್‌ಗೆ ಒಂದು ಚೊಂಬು ಬಿಸಿನೀರು ಬೆರೆಸಿಡಿ. ಜನವರಿಯ ನಲ್ಲಿ ನೀರಿಗೆ ಕೈ ಹಿಡಿಯಲು ಯಾವ ಮಗುವೂ ಒಪ್ಪುವುದಿಲ್ಲ.

ಸ್ವೆಟರ್ ಒಂದು ತಲೆನೋವು. ತೆಗೆಸಿದರೆ ಶೀತ, ಬಿಟ್ಟರೆ ತೋಳಿಗೆಲ್ಲ ಬಣ್ಣ. ಹಿಂದಿನ ವಾರವೇ ಪೋಷಕರಿಗೆ ಹೇಳಿ ಅಪ್ಪಂದಿರ ಹಳೆಯ ಅಂಗಿ ತರಿಸಿ. ಸ್ವೆಟರ್ ಮೇಲೆ ಅದನ್ನು ಹಿಂದುಮುಂದಾಗಿ ತೊಡಿಸಿ ಬೆನ್ನ ಕಡೆ ಗುಂಡಿ ಹಾಕಿ, ತೋಳು ಮಡಚಿ. ಮುಂಭಾಗ ಪೂರ್ತಿ ಮುಚ್ಚುತ್ತದೆ.

ಉಣ್ಣೆ ದಾರ ಬಳಸುವ ಯೋಚನೆ ಇದ್ದರೆ ನಾಲ್ಕು ದಾಟಿದವರಿಗೆ ಮಾತ್ರ. ರಟ್ಟಿನಲ್ಲಿ ಟೋಪಿಯ ಆಕಾರ ಕತ್ತರಿಸಿ ಕೊಟ್ಟರೆ ಅದರ ಸುತ್ತ ದಾರ ಸುತ್ತುತ್ತಾರೆ. ದಾರ ಒಂದು ಗೇಣಿಗಿಂತ ಉದ್ದ ಇರಬಾರದು, ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ತುಂಡು ತುಂಡಾಗಿ ಕೊಟ್ಟು ಒಂದಾದ ಮೇಲೊಂದು ಸುತ್ತಲಿ.

ಈಗ ಸ್ನೋಮ್ಯಾನ್. ನಮ್ಮಲ್ಲಿ ರಾತ್ರಿ 10-12 ಡಿಗ್ರಿಗೆ ಇಳಿದರೆ ಅದೇ ದೊಡ್ಡ ಚಳಿ. ನೀರು ಗಟ್ಟಿಯಾಗಲು ಸೊನ್ನೆಗೆ ಇಳಿಯಬೇಕು. ಆದರೂ ಹಿಮ ನೋಡಿದವರು ಕೊಡಗಿನಲ್ಲಿ ಕಮ್ಮಿ ಏನಿಲ್ಲ. ಸೈನ್ಯದಲ್ಲಿದ್ದು ಬಂದವರು ಇಲ್ಲಿ ಊರೂರಿಗೆ ಇದ್ದಾರೆ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು ಅಂಥದೇ ಹಿಮದ ನಾಡಿನಲ್ಲಿ. ನಿಮ್ಮ ಮಕ್ಕಳಲ್ಲೇ ಯಾರದೋ ತಾತ ಕಾಶ್ಮೀರದಲ್ಲೋ ಲಡಾಖ್‌ನಲ್ಲೋ ಚಳಿಗಾಲ ಕಳೆದಿರುತ್ತಾರೆ. ಅವರನ್ನು ಒಂದು ದಿನ ಕರೆಯಿರಿ. ಯುದ್ಧದ ಮಾತು ಬೇಡ. ಹಿಮದಲ್ಲಿ ಕಾಲಿಟ್ಟರೆ ಹೇಗೆ ಶಬ್ದ ಬರುತ್ತದೆ, ಕುಡಿಯುವ ನೀರಿಗೆ ಏನು ಮಾಡುತ್ತಿದ್ದರು, ಎಷ್ಟು ಜೊತೆ ಕಾಲುಚೀಲ ಹಾಕುತ್ತಿದ್ದರು, ಇಷ್ಟು ಹೇಳಲಿ. ದಪ್ಪ ಕೈಗವಸು ಇದ್ದರೆ ತರಲಿ, ಮಕ್ಕಳು ಹಾಕಿ ನೋಡಲಿ. ಫ್ರಿಜ್‌ನಲ್ಲಿ ಮಾಡಿದ ಮಂಜುಗಡ್ಡೆಯನ್ನು ತಟ್ಟೆಯಲ್ಲಿಟ್ಟು ಕರಗುವುದನ್ನು ನೋಡಲಿ. ಇದಾದ ಮೇಲೆ ಸ್ನೋಮ್ಯಾನ್ ಮಾಡಿಸಿದರೆ ಅದು 'ತಾತ ನೋಡಿದ ಹಿಮ' ಆಗುತ್ತದೆ. ಮಗುವಿಗೆ ಹಿಡಿದುಕೊಳ್ಳಲು ಒಂದು ಕಥೆ ಸಿಕ್ಕಿತು.

ಹೆಡ್ ಮೇಡಂ ಒಪ್ಪುತ್ತಾರಾ ಅನ್ನುವ ಅಳುಕು ನಿಮ್ಮ ಪ್ರಶ್ನೆಯಲ್ಲಿ ಕಾಣುತ್ತದೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಅವರಿಗೆ ತೋರಿಸಿ. 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಕೆ, ಮನೆಮಾತು, ಸುತ್ತಮುತ್ತ ಸಿಗುವ ವಸ್ತುಗಳಿಗೆ ಅದು ಒತ್ತು ಕೊಡುತ್ತದೆ. ನೀವು ಮಾಡುವುದು ಅದನ್ನೇ.

ಗೋಡೆಗೆ ಹಾಕುವಾಗ ಮಕ್ಕಳ ಕಣ್ಣಿನ ಮಟ್ಟಕ್ಕೆ ಹಾಕಿ. ಮಂಜು ಎತ್ತುವ ಚಿತ್ರಗಳನ್ನು ಅಪ್ಪ-ಅಮ್ಮ ಬಗ್ಗಿ, ಹಾಳೆ ಎತ್ತಿ ನೋಡಬೇಕು. ಪ್ರತಿ ಚಿತ್ರದ ಕೆಳಗೆ ಮಗು ಹೇಳಿದ ಒಂದು ಮಾತನ್ನು ಅದು ಹೇಳಿದ ಹಾಗೆಯೇ ಬರೆಯಿರಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಹಿಂದಿ ಯಾವುದಾದರೂ ಸರಿ, ಕನ್ನಡ ಅಕ್ಷರದಲ್ಲಿ ಬರೆದರಾಯಿತು. ಪೋಷಕರು ಚಿತ್ರಕ್ಕಿಂತ ಹೆಚ್ಚು ಹೊತ್ತು ಓದುವುದು ಅದನ್ನೇ. ಯಾವುದು ಚೆನ್ನಾಗಿದೆ ಅಂತ ಬಹುಮಾನ ಇಡಬೇಡಿ, ದಯವಿಟ್ಟು. ಸಭೆಗೆ ಮೂರು-ನಾಲ್ಕು ದಿನ ಇದ್ದರೆ ಚಿತ್ರಗಳನ್ನು ರಾತ್ರಿ ಹೊರಗೆ ಬಿಡಬೇಡಿ. ನಮ್ಮ ಥಂಡಿಗೆ ಕಾಗದ ಮೆತ್ತಗಾಗಿ ಸುರುಳಿ ಸುತ್ತುತ್ತದೆ. ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕಗಳ ಕೆಳಗಿಟ್ಟು ಬೀರುವಿನಲ್ಲಿ ಇಡಿ.

ಖರ್ಚಿನ ಲೆಕ್ಕ ಸುಲಭ. ಬಟರ್ ಪೇಪರ್, ಡ್ರಾಯಿಂಗ್ ಶೀಟ್, ನಾಲ್ಕು ಸಣ್ಣ ಬಾಟಲಿ ಪೋಸ್ಟರ್ ಬಣ್ಣ, ಮೇಣದಬತ್ತಿ ಇಷ್ಟೇ ಕೊಳ್ಳಬೇಕಾದದ್ದು. ಉಳಿದದ್ದೆಲ್ಲ ಮನೆಯಲ್ಲಿ, ಬೇಲಿಯಲ್ಲಿ ಇದೆ.

ನೀವು ತಂದಿಟ್ಟ ಹತ್ತಿ ವ್ಯರ್ಥವಲ್ಲ. ಜೇಡರ ಬಲೆಗೆ ನೀಲಿ ನೀರು ಸವರಲು 22 ಬ್ರಷ್ ಎಲ್ಲಿಂದ ತರುತ್ತೀರಿ? ಹತ್ತಿಯ ಉಂಡೆಯನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಕೊಡಿ. ಕ್ಲಿಪ್ ಒತ್ತಿ ಹಿಡಿಯುವುದೂ ಬೆರಳಿಗೆ ಕೆಲಸವೇ. ಉಜ್ಜಿದರೆ ಎಳೆ ಅಂಟಿಕೊಳ್ಳುತ್ತದೆ, ಮೆಲ್ಲಗೆ ಒತ್ತಲು ಹೇಳಿಕೊಡಿ. ಬಟರ್ ಪೇಪರ್ ಸಾಲದೆ ಹೋದರೆ ಒಂದು ಚಿಟಿಕೆ ಹತ್ತಿಯನ್ನು ಎರಡೂ ಕೈಯಲ್ಲಿ ಹಿಂಜಿ ಹಿಂಜಿ, ಆ ಕಡೆಯ ಬೆರಳು ಕಾಣುವಷ್ಟು ತೆಳುವಾದ ಮೇಲೆ ಚಿತ್ರದ ಮೇಲೆ ಹರಡಿ, ಎರಡು ಮೂಲೆಗೆ ಅಂಟು ಮುಟ್ಟಿಸಿದರೆ ಅದೂ ಮಂಜೇ. ಇದಕ್ಕೆ ಎರಡು ಕಟ್ಟು ಸಾಕು. ಉಳಿದ ನಾಲ್ಕನ್ನು ಒಡೆಯದೆ ಇಟ್ಟಿದ್ದರೆ ಅಂಗಡಿಯವರಿಗೆ ವಾಪಸ್ ಕೊಟ್ಟು ಆ ದುಡ್ಡಿಗೆ ಡ್ರಾಯಿಂಗ್ ಶೀಟ್ ತನ್ನಿ.